ಮನಸ್ಸಿಗೆ ಒಪ್ಪಿದ ಅಭ್ಯರ್ಥಿಯೋ, ಇದ್ದುದರಲ್ಲಿ ವಾಸಿ ಎನ್ನುವವರೋ?

ಕೆರೆಯಂಗಳ:

ಮಾನ್ಯರೇ, 2023ರ ಮೇ 10ರಂದು ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಮತಗಟ್ಟೆಯಲ್ಲಿ ನಾನು ಹಾಕಿದ ಮತ ಇಂದಿಗೂ ನನ್ನನ್ನು ಕಾಡುತ್ತಿದೆ. ಕಣದಲ್ಲಿ ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳಿದ್ದರು. ಇಬ್ಬರ ಬಗೆಗೂ ನನಗೆ ಗೌರವವಿರಲಿಲ್ಲ, ಆದರೆ ಒಬ್ಬರಿಗಿಂತ ಇನ್ನೊಬ್ಬರು ವಾಸಿ ಎಂದು ಖಚಿತವಾಗಿ ಅನ್ನಿಸಿತ್ತು. ಮೂರನೆಯವರು ಪಕ್ಷೇತರರು. ನಮ್ಮ ಕೆರೆಗೆ ಬೇಲಿ ಹಾಕಿಸಲು, ರಾಜಕಾಲುವೆಯ ಒತ್ತುವರಿಯನ್ನು ತೆರವು ಮಾಡಿಸಲು ಎಂಟು ಹತ್ತು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವರು. ಮನೆಯಿಂದ ಹೊರಡುವಾಗ ಅವರಿಗೇ ಮತ ಎಂದು ನಿರ್ಧರಿಸಿದ್ದೆ. ಯಂತ್ರದ ಮುಂದೆ ನಿಂತಾಗ ಮಾತ್ರ, ಅವರು ಹೇಗೂ ಗೆಲ್ಲುವುದಿಲ್ಲ, ನನ್ನ ಮತದಿಂದ ಆ ಕೆಟ್ಟವರಿಗೆ ಅನುಕೂಲವಾದರೆ ಏನು ಗತಿ ಎಂಬ ಭಯ ಹುಟ್ಟಿ, ಇದ್ದುದರಲ್ಲಿ ವಾಸಿ ಎನಿಸಿದವರ ಗುಂಡಿಯನ್ನು ಒತ್ತಿಬಿಟ್ಟೆ. ವಿವಿಪ್ಯಾಟ್‌ನ ಕಿಟಕಿಯಲ್ಲಿ ಆ ಚೀಟಿ ಏಳು ಸೆಕೆಂಡು ಕಾಣಿಸುತ್ತದೆಯಲ್ಲ, ಅಷ್ಟೂ ಹೊತ್ತು ನನಗೆ ಬೇಡವಾದ ಚಿಹ್ನೆಯನ್ನೇ ನೋಡುತ್ತಾ ನಿಂತಿದ್ದೆ.

ಆ ಪಕ್ಷೇತರರ ಠೇವಣಿ ಹೋಯಿತು. ಬೆಳಿಗ್ಗೆ ಹಾಲಿನ ಬೂತಿನ ಬಳಿ ಅವರು ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಾರೆ, ನಾನು ತಲೆ ತಗ್ಗಿಸುತ್ತೇನೆ. ಗೆಲ್ಲದವರಿಗೆ ಹಾಕಿ ಮತ ಹಾಳು ಮಾಡಬಾರದು ಎಂದು ನಮ್ಮ ಯಜಮಾನರು ಹೇಳುತ್ತಾರೆ. ನೀವೆಲ್ಲ ಹೀಗೆ ಅಂದುಕೊಳ್ಳುವುದರಿಂದಲೇ ಅವರು ಗೆಲ್ಲುವುದಿಲ್ಲ ಎಂದು ಮಗಳು ವಾದಿಸುತ್ತಾಳೆ. ಇಬ್ಬರ ಮಾತೂ ನನಗೆ ಸರಿ ಎನಿಸುತ್ತದೆ. ಇಂಥ ಸಂದರ್ಭದಲ್ಲಿ ನೀವು ಹೇಗೆ ನಿರ್ಧರಿಸುತ್ತೀರಿ ಎಂದು ದಯವಿಟ್ಟು ತಿಳಿಸಿ. ಪಕ್ಷಗಳ ಹೆಸರು ಬೇಡ.

ಹಳೆಯ ಮೇಷ್ಟ್ರು:

ಮೇಡಂ, ನಾನು ಸರ್ಕಾರಿ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದವನು. ನಾಲ್ಕು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ನಿಮ್ಮ ಭಯ ಆಧಾರವಿಲ್ಲದ್ದಲ್ಲ ಎಂಬುದನ್ನು ಮೊದಲು ಹೇಳಬೇಕು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು 40,752 ಮತ ಪಡೆದು, 40,751 ಮತ ಪಡೆದ ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಒಂದೇ ಒಂದು ಮತದಿಂದ ಗೆದ್ದರು. ಅಷ್ಟು ದೂರ ಹೋಗುವುದೂ ಬೇಡ. ನೀವು ಮತ ಹಾಕಿದ ಅದೇ 2023ರ ಚುನಾವಣೆಯಲ್ಲಿ ನಮ್ಮ ಜಯನಗರದ ಫಲಿತಾಂಶ ಮರುಎಣಿಕೆಯ ನಂತರ 16 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಆ ಕ್ಷೇತ್ರದಲ್ಲಿ ಮೂರನೆಯವರಿಗೋ ನಾಲ್ಕನೆಯವರಿಗೋ ಮತ ಹಾಕಿದ ಎರಡು ಅಪಾರ್ಟ್‌ಮೆಂಟುಗಳ ಜನ ಬೇರೆ ಗುಂಡಿ ಒತ್ತಿದ್ದರೆ ಶಾಸಕರೇ ಬೇರೆಯವರಾಗುತ್ತಿದ್ದರು.

ಆದರೆ ಪ್ರತಿ ಕ್ಷೇತ್ರವೂ ಜಯನಗರವಲ್ಲ. ಹತ್ತಿಪ್ಪತ್ತು ಸಾವಿರದ ಅಂತರದಲ್ಲಿ ತೀರ್ಮಾನವಾಗುವ ಕ್ಷೇತ್ರಗಳಲ್ಲೂ ಜನ ಇದೇ ಭಯದಿಂದ ಮತ ಹಾಕುತ್ತಾರೆ, ಅಲ್ಲಿ ಆ ಭಯಕ್ಕೆ ಅರ್ಥವಿಲ್ಲ. ಆದ್ದರಿಂದ ಮನಸ್ಸಾಕ್ಷಿಯ ಪ್ರಶ್ನೆಗೆ ಹೋಗುವ ಮೊದಲು ಲೆಕ್ಕ ನೋಡಿ. ನಮೂನೆ 20 ಎಂಬ ಫಲಿತಾಂಶ ಪಟ್ಟಿಯಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿದ್ದಿದೆ ಎಂಬ ವಿವರವಿರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಅದು ಸಿಗುತ್ತದೆ. ಹಿಂದಿನ ಎರಡು ಮೂರು ಚುನಾವಣೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತರೆ ನಿಮ್ಮ ಕ್ಷೇತ್ರದಲ್ಲಿ ಸ್ಪರ್ಧೆ ನಿಕಟವೋ ಅಲ್ಲವೋ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಸ್ಪರ್ಧೆ ನಿಜವಾಗಿಯೂ ನಿಕಟವಾಗಿದ್ದರೆ ನಾನು ಎರಡನೆಯ ಪ್ರಶ್ನೆಯೊಂದನ್ನು ಕೇಳಿಕೊಳ್ಳುತ್ತೇನೆ. ಆ ಇಬ್ಬರ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು? ಒಬ್ಬರು ಸೋಮಾರಿ, ಇನ್ನೊಬ್ಬರು ಇನ್ನೂ ಸೋಮಾರಿ ಎನ್ನುವಷ್ಟೇ ಆದರೆ ನನ್ನ ಮತವನ್ನು ಅವರಿಗಾಗಿ ತ್ಯಾಗ ಮಾಡುವುದಿಲ್ಲ. ಒಬ್ಬರ ಮೇಲೆ ಕೊಲೆ ಯತ್ನ, ಭೂಕಬಳಿಕೆಯಂಥ ಪ್ರಕರಣಗಳಿದ್ದು ಇನ್ನೊಬ್ಬರ ಮೇಲೆ ಇಲ್ಲವಾದರೆ, ಆಗ ಇದ್ದುದರಲ್ಲಿ ವಾಸಿ ಎನ್ನುವವರಿಗೆ ಮತ ಹಾಕಿ ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡುತ್ತೇನೆ. ಇದಕ್ಕೆ ಪ್ರಚಾರದ ಮಾತುಗಳನ್ನು ನಂಬಬೇಕಾಗಿಲ್ಲ. ಅಭ್ಯರ್ಥಿಗಳು ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಪ್ರಕರಣ, ಆಸ್ತಿ, ಸಾಲ ಎಲ್ಲವೂ ಇರುತ್ತದೆ.

ಬೆಳ್ಳಿಚುಕ್ಕಿ:

ಮೇಷ್ಟ್ರ ಬಗ್ಗೆ ಗೌರವವಿಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಲೆಕ್ಕ ನೋಡಿ ಎನ್ನುತ್ತೀರಿ, ಆದರೆ ಹಿಂದಿನ ಲೆಕ್ಕವನ್ನು ರೂಪಿಸಿದ್ದೂ ಇದೇ ಭಯವಲ್ಲವೇ? ಕಳೆದ ಸಲ ಆ ಪಕ್ಷೇತರರಿಗೆ ಮತ ಹಾಕಬೇಕೆಂದುಕೊಂಡು ಕೊನೆಯ ಗಳಿಗೆಯಲ್ಲಿ ಬೇರೆ ಗುಂಡಿ ಒತ್ತಿದವರು ಎಷ್ಟು ಜನ ಎಂಬುದು ನಮೂನೆ 20ರಲ್ಲಿ ಇರುವುದಿಲ್ಲ. ಅವರಿಗೆ ಎರಡು ಸಾವಿರ ಮತ ಬಿದ್ದಿದೆ ಎಂದು ಪಟ್ಟಿ ಹೇಳುತ್ತದೆ. ಅವರನ್ನು ಬಯಸಿದವರು ಹತ್ತು ಸಾವಿರ ಇದ್ದಿರಬಹುದು, ಒಬ್ಬರಿಗೊಬ್ಬರು ಗೊತ್ತಿಲ್ಲದೆ.

ಇನ್ನೊಂದು ಮಾತು. ಮತದಾರರಿಗೆ ತಾವು ಇಷ್ಟವಿಲ್ಲದಿದ್ದರೂ ಅವರಿಗೆ ಬೇರೆ ದಾರಿಯಿಲ್ಲ ಎಂಬುದು ಆ ವಾಸಿಯಾದ ಅಭ್ಯರ್ಥಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಾಗಿದ್ದ ಮೇಲೆ ಅವರು ಸುಧಾರಿಸಿಕೊಳ್ಳುವ ಅಗತ್ಯವೇನಿದೆ? ಎದುರಾಳಿ ಒಂದು ಮೆಟ್ಟಿಲು ಇಳಿದರೆ ತಾವೂ ಒಂದು ಮೆಟ್ಟಿಲು ಇಳಿಯಬಹುದು, ಆಗಲೂ ಅವರೇ ವಾಸಿ. ನಮ್ಮ ಬೀದಿಯಲ್ಲಿ ಮೂರು ಚುನಾವಣೆಗಳಿಂದ ನಾನು ಇದನ್ನೇ ನೋಡುತ್ತಿದ್ದೇನೆ. ಮೊದಲ ಸಲ ಮತ ಕೇಳಲು ಸ್ವತಃ ಬಂದವರು ಎರಡನೆಯ ಸಲ ತಮ್ಮನನ್ನು ಕಳಿಸಿದರು, ಮೂರನೆಯ ಸಲ ಗೇಟಿಗೆ ಕರಪತ್ರ ಸಿಕ್ಕಿಸಿ ಹೋದರು.

ಮತ ಹಾಳು ಎಂಬ ಪದವನ್ನೂ ನಾನು ಒಪ್ಪುವುದಿಲ್ಲ. ಚಲಾಯಿತವಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯದಿದ್ದರೆ ಅಭ್ಯರ್ಥಿಯ ಠೇವಣಿ ಹೋಗುತ್ತದೆ. ವಿಧಾನಸಭೆಗೆ ಅದು 10,000 ರೂಪಾಯಿ. ಹಣ ದೊಡ್ಡದಲ್ಲ, ಆದರೆ ಠೇವಣಿ ಉಳಿಸಿಕೊಂಡ ಅಭ್ಯರ್ಥಿಯನ್ನು ಮುಂದಿನ ಸಲ ಜನ ಬೇರೆ ಕಣ್ಣಿನಿಂದ ನೋಡುತ್ತಾರೆ. ಮತ ಹಾಕಲು ಹೊರಟವರನ್ನೂ ಧೈರ್ಯಗೆಡಿಸುವುದು ಠೇವಣಿ ಹೋಯಿತು ಎಂಬ ಆ ಒಂದು ಸುದ್ದಿ.

ಯಾರಾದರೂ ನೋಟಾ ಒತ್ತಿ ಎನ್ನುವ ಮೊದಲೇ ಹೇಳಿಬಿಡುತ್ತೇನೆ. ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ಬಂದ ಆ ಗುಂಡಿ ನಮ್ಮ ಅಸಮಾಧಾನವನ್ನು ದಾಖಲಿಸುತ್ತದೆ, ಫಲಿತಾಂಶವನ್ನು ಬದಲಿಸುವುದಿಲ್ಲ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ನೋಟಾಗೆ ಎರಡು ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಗೆದ್ದವರು ಗೆದ್ದರು. ಮನಸ್ಸಿಗೆ ಒಪ್ಪಿದವರೊಬ್ಬರು ಕಣದಲ್ಲಿರುವಾಗ ನೋಟಾ ಏಕೆ ಬೇಕು?

ಮಲ್ಲೇಶ್ವರ ನಿವಾಸಿ:

ಪ್ರಶ್ನೆ ಕೇಳಿದವರೇ, ತಾವು ಪದವೀಧರರಾಗಿದ್ದರೆ ಬೆಂಗಳೂರು ಪದವೀಧರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಮತ ಹಾಕಿದ್ದೀರಾ? ನಾನು 2024ರ ಜೂನ್‌ನಲ್ಲಿ ಮೊದಲ ಸಲ ಹಾಕಿದೆ. ನೀವು ಹೇಳುವ ಸಂಕಟ ಆ ಮತಗಟ್ಟೆಯಲ್ಲಿ ನನಗೆ ಇರಲೇ ಇಲ್ಲ ಎಂಬುದನ್ನು ಹೊರಗೆ ಬಂದ ಮೇಲೆ ಗಮನಿಸಿದೆ.

ಅಲ್ಲಿ ಯಂತ್ರವಿಲ್ಲ. ಕಾಗದದ ಮತಪತ್ರದ ಜೊತೆಗೆ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ನಮ್ಮ ಜೇಬಿನ ಪೆನ್ನಿನಿಂದ ಬರೆದರೆ ಮತ ಅಸಿಂಧು. ಸರಿ ಗುರುತು ಹಾಕುವಂತಿಲ್ಲ, ಒಂದು ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ, ಅಂಕಿಯಲ್ಲೇ ಬರೆಯಬೇಕು. ಮೊದಲ ಪ್ರಾಶಸ್ತ್ಯ ಯಾರಿಗೋ ಅವರ ಮುಂದೆ 1, ಅವರು ಗೆಲ್ಲದಿದ್ದರೆ ಯಾರು ಆಗಬಹುದೋ ಅವರ ಮುಂದೆ 2, ಹೀಗೆ ಇಷ್ಟವಿದ್ದಷ್ಟು. ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಅತಿ ಕಡಿಮೆ ಪಡೆದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಎಂದು ಯಾರ ಮುಂದೆ ಬರೆದಿದೆಯೋ ಅವರ ಕಟ್ಟಿಗೆ ಸೇರಿಸುತ್ತಾರೆ. ನಾನು ಗೆಲ್ಲುವ ಸಾಧ್ಯತೆಯೇ ಇಲ್ಲದ ಒಬ್ಬರ ಮುಂದೆ ನೆಮ್ಮದಿಯಿಂದ 1 ಎಂದು ಬರೆದು, ಇದ್ದುದರಲ್ಲಿ ವಾಸಿ ಎನಿಸಿದವರ ಮುಂದೆ 2 ಎಂದು ಬರೆದೆ. ಎರಡೂ ನನ್ನ ನಿಜವಾದ ಅಭಿಪ್ರಾಯಗಳೇ.

1969ರ ರಾಷ್ಟ್ರಪತಿ ಚುನಾವಣೆ ಈ ಪದ್ಧತಿಯಿಂದಲೇ ತೀರ್ಮಾನವಾಯಿತು. ನೀಲಂ ಸಂಜೀವ ರೆಡ್ಡಿ ಅವರನ್ನು ಕಾಂಗ್ರೆಸ್ ಅಭ್ಯರ್ಥಿಯನ್ನಾಗಿ ಆರಿಸಿದ್ದು ನಮ್ಮ ಬೆಂಗಳೂರಿನಲ್ಲೇ, ಆ ವರ್ಷದ ಜುಲೈನಲ್ಲಿ. ಮೊದಲ ಎಣಿಕೆಯಲ್ಲಿ ವಿ.ವಿ. ಗಿರಿ ಅವರಿಗೆ 4,01,515, ರೆಡ್ಡಿ ಅವರಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769 ಮತಮೌಲ್ಯ (ಸಂಸದರ, ಶಾಸಕರ ಪ್ರತಿ ಮತಕ್ಕೂ ನಿಗದಿಯಾದ ಮೌಲ್ಯದ ಮೊತ್ತ) ಬಂದಿತು. ಗೆಲುವಿಗೆ ಬೇಕಾದ ಅರ್ಧವನ್ನು ಯಾರೂ ಮುಟ್ಟಿರಲಿಲ್ಲ. ದೇಶಮುಖ್ ಅವರಿಗೆ ಬಿದ್ದ ಮತಪತ್ರಗಳ ಎರಡನೆಯ ಪ್ರಾಶಸ್ತ್ಯ ಬಹುಪಾಲು ರೆಡ್ಡಿ ಅವರಿಗೆ ಹೋದರೂ ಗಿರಿಯವರು 4,20,077ಕ್ಕೆ ಏರಿ ಗೆದ್ದರು, ರೆಡ್ಡಿಯವರು 4,05,427ಕ್ಕೆ ನಿಂತರು. ದೇಶಮುಖ್ ಅವರಿಗೆ ಮತ ಹಾಕಿದವರು ಮತ ಹಾಳು ಮಾಡಿದರು ಎಂದು ಯಾರೂ ಹೇಳುವಂತಿರಲಿಲ್ಲ, ಏಕೆಂದರೆ ಕೊನೆಯ ಎಣಿಕೆಯಲ್ಲೂ ಅವರ ಮಾತು ಸೇರಿತ್ತು.

ಹಾಗಾಗಿ ತಾವು ತಲೆ ತಗ್ಗಿಸಬೇಕಾಗಿಲ್ಲ ಎಂಬುದು ನನ್ನ ನಂಬಿಕೆ. ನಿಮ್ಮ ಮನಸ್ಸಿನಲ್ಲಿ ಎರಡು ಉತ್ತರಗಳಿದ್ದವು, ಯಂತ್ರ ಒಂದನ್ನಷ್ಟೇ ತೆಗೆದುಕೊಂಡಿತು. ಎರಡು ಸುತ್ತಿನ ಮತದಾನವಿರುವ ಫ್ರಾನ್ಸಿನಲ್ಲೂ ಈ ತೊಡಕು ಪೂರ್ತಿ ಬಿಡಲಿಲ್ಲ. 2002ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ 16 ಅಭ್ಯರ್ಥಿಗಳಿದ್ದು ಎಡಪಂಥದ ಮತಗಳು ಚದುರಿಹೋದವು. ಎಡಪಂಥದವರೇ ಆದ, ಪ್ರಧಾನಿಯಾಗಿದ್ದ ಜೋಸ್ಪಾಂ ಮೂರನೆಯವರಾಗಿ ಹೊರಬಿದ್ದರು. ಎರಡನೆಯ ಸುತ್ತಿನಲ್ಲಿ ಅದೇ ಜನ ತೀವ್ರ ಬಲಪಂಥೀಯ ಲೆ ಪೆನ್ ಅವರನ್ನು ತಡೆಯಲು, ತಮಗೆ ಇಷ್ಟವಿಲ್ಲದ ಬಲಪಂಥದ ಶಿರಾಕ್ ಅವರಿಗೆ ಮತ ಹಾಕಬೇಕಾಯಿತು. ಶಿರಾಕ್ ಅವರಿಗೆ ಶೇಕಡ 82ರಷ್ಟು ಮತ ಬಂದದ್ದು ಹಾಗೆ. ಬೆಳ್ಳಿಚುಕ್ಕಿಯವರು ಇದನ್ನೂ ಸ್ವಲ್ಪ ಯೋಚಿಸಬೇಕು.

ಬೆಳ್ಳಿಚುಕ್ಕಿ:

ಯೋಚಿಸಿದೆ. ಫ್ರಾನ್ಸಿನ ಆ ಎರಡನೆಯ ಸುತ್ತಿನಲ್ಲಿ ನಾನಿದ್ದರೂ ಶಿರಾಕ್ ಅವರಿಗೇ ಹಾಕುತ್ತಿದ್ದೆ. ಆದರೆ ನಮ್ಮಲ್ಲಿ ಪ್ರತಿ ಚುನಾವಣೆಯನ್ನೂ ಅಂಥದ್ದೇ ಎಂದು ಹೆದರಿಸಲಾಗುತ್ತದೆ, ನನ್ನ ಆಕ್ಷೇಪ ಅದಕ್ಕೆ.

ಕೆರೆಯಂಗಳ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮಗಳ ಜೊತೆ ಕುಳಿತು ನಮ್ಮ ಕ್ಷೇತ್ರದ ನಮೂನೆ 20 ತೆಗೆದು ನೋಡಿದೆ. ಅಂತರ ನಾನು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದಿತ್ತು. ನಾನು ಹೆದರಬೇಕಾದ ಕಾರಣವೇ ಇರಲಿಲ್ಲ. ನಮ್ಮ ಶಾಲೆಯ ಮತಗಟ್ಟೆಯ ಸಾಲಿನಲ್ಲಿ ಆ ಪಕ್ಷೇತರರಿಗೆ 41 ಮತ ಬಿದ್ದಿತ್ತು. ನಮ್ಮ ಬೀದಿಯವರೇ ಯಾರೋ 41 ಜನ ಹೆದರಲಿಲ್ಲ. ಆ ಅಂಕಿಯನ್ನು ನೋಡಿದಾಗ ನಾಚಿಕೆಯಾಯಿತು, ಸಂತೋಷವೂ ಆಯಿತು.

ಇಂದು ಬೆಳಿಗ್ಗೆ ಅವರು ಸಿಕ್ಕಾಗ, ಸರ್, ಕಳೆದ ಸಲ ನಾನು ನಿಮಗೆ ಮತ ಹಾಕಲಿಲ್ಲ ಎಂದು ಹೇಳಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ನಮ್ಮ ಮನೆಯಲ್ಲೂ ಎಲ್ಲರೂ ಹಾಕಿಲ್ಲಮ್ಮ ಎಂದರು. ಮುಂದಿನ ಸಲ ನಿಲ್ಲುವುದಾದರೆ ಮನೆಮನೆಗೆ ಹೋಗಲು ನಾನೂ ಬರುತ್ತೇನೆ ಎಂದಿದ್ದೇನೆ. ಆದರೂ ಸ್ಪರ್ಧೆ ಜಯನಗರದಷ್ಟು ನಿಕಟವಾದರೆ ನನ್ನ ಕೈ ಎತ್ತ ಹೋಗುತ್ತದೆ ಎಂದು ಈಗಲೇ ಹೇಳಲಾರೆ.

ಮೇಷ್ಟ್ರೇ, ನನ್ನ ಹೆಸರು ಪದವೀಧರ ಕ್ಷೇತ್ರದ ಪಟ್ಟಿಯಲ್ಲಿಲ್ಲ. ಸಾಮಾನ್ಯ ಮತದಾರರ ಪಟ್ಟಿಯಲ್ಲಿದ್ದರೆ ಸಾಲದೇ?

ಹಳೆಯ ಮೇಷ್ಟ್ರು:

ಸಾಲದು ಮೇಡಂ. ಪದವೀಧರ ಕ್ಷೇತ್ರದ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ, ಹಿಂದೆ ಹೆಸರಿದ್ದವರೂ ಮತ್ತೆ ನಮೂನೆ 18ರಲ್ಲಿ ಅರ್ಜಿ ಕೊಡಬೇಕು. ಅರ್ಹತಾ ದಿನಾಂಕ ನವೆಂಬರ್ 1. ಅಂದಿಗೆ ಪದವಿ ಪಡೆದು ಮೂರು ವರ್ಷ ಆಗಿರಬೇಕು. ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿಯನ್ನು ಲಗತ್ತಿಸಿ. ಮಗಳಿಗೂ ಮೂರು ವರ್ಷ ತುಂಬಿದ್ದರೆ ಇಬ್ಬರ ಅರ್ಜಿಯನ್ನೂ ಒಟ್ಟಿಗೇ ಕೊಟ್ಟುಬಿಡಿ.