ಹೊಸೂರು ಪಕ್ಕದ ಎರಡೂವರೆ ಎಕರೆ: ಮಾರೋದಾ, ಲೇಔಟ್‌ಗೆ ಕೊಡೋದಾ, ಇಟ್ಟುಕೊಳ್ಳೋದಾ?

ಬಾಗಲೂರು ಹುಡುಗ:
ನಮ್ಮದು ತಮಿಳುನಾಡು ಗಡಿಯ ಹೊಸೂರಿನ ಪಕ್ಕ, ಬಾಗಲೂರು ಕಡೆ ಎರಡೂವರೆ ಎಕರೆ ಖುಷ್ಕಿ. ರಾಗಿ, ಅವರೆ, ನೀರಿದ್ದ ವರ್ಷ ಟೊಮೆಟೊ. ಮೂರು ಕಡೆ ಲೇಔಟ್ ಆಗಿ ಕಲ್ಲು ನೆಟ್ಟಿದ್ದಾರೆ. ನಾನು, ತಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದೇವೆ. ತಂಗಿಯನ್ನು ಮಾಲೂರಿಗೆ ಕೊಟ್ಟಿದ್ದೇವೆ. ಒಬ್ಬ ಬ್ರೋಕರ್ ಪೂರ್ತಿ ಕೊಳ್ಳುವ ಪಾರ್ಟಿ ತಂದಿದ್ದಾರೆ. ಇನ್ನೊಬ್ಬರು ಜಾಯಿಂಟ್ ವೆಂಚರ್ ಮಾಡೋಣ, ಅಂದರೆ ಅವರೇ ಲೇಔಟ್ ಮಾಡಿ ಸೈಟುಗಳಲ್ಲಿ ನಮಗೆ ಪಾಲು ಕೊಡೋದು, ಅಂತಾರೆ. ಅಪ್ಪ ಎರಡೂ ಬೇಡ ಅಂತಾರೆ. ಏರ್‌ಪೋರ್ಟ್, ಮೆಟ್ರೋ ಬಂದರೆ ರೇಟು ಡಬಲ್ ಅಂತ ಊರೆಲ್ಲ ಮಾತು. ಅನುಭವ ಇರುವವರು ದಯವಿಟ್ಟು ಹೇಳಿ.

ಮತ್ತಿಗಿರಿಯವನು:
ನಾನು 2018ರಲ್ಲಿ ಒಂದೂವರೆ ಎಕರೆ ಮಾರಿದೆ. ಎಕರೆಗೆ 60 ಲಕ್ಷ, ಒಟ್ಟು 90. ಪೂರ್ತಿ ಬಿಳಿ ದುಡ್ಡು. ಪಾರ್ಟಿ ಅರ್ಧ ಕ್ಯಾಶ್ ಕೊಡುತ್ತೇನೆ ಅಂದಾಗ ಒಪ್ಪಲಿಲ್ಲ. ಅದಕ್ಕೆ ಇವತ್ತಿಗೂ ಹೆಮ್ಮೆ ಇದೆ.

ಹೊಟ್ಟೆ ಉರಿಯೋದು ತೆರಿಗೆ ವಿಷಯದಲ್ಲಿ. "ಕೃಷಿ ಭೂಮಿ ಅಣ್ಣ, ಒಂದು ರೂಪಾಯಿ ಟ್ಯಾಕ್ಸ್ ಇಲ್ಲ" ಅಂತ ಬ್ರೋಕರ್ ಆಣೆ ಇಟ್ಟು ಹೇಳಿದ. ಬಸ್ ಸ್ಟ್ಯಾಂಡಿನಿಂದ ರೋಡಲ್ಲಿ ಅಳೆದು ಒಂಬತ್ತು ಕಿಲೋಮೀಟರ್ ಅಂತ ತೋರಿಸಿದ. ಆದಾಯ ತೆರಿಗೆ ಇಲಾಖೆ ಹಾಗೆ ಅಳೆಯೋದಿಲ್ಲ. ಮುನಿಸಿಪಾಲಿಟಿ ಗಡಿಯಿಂದ ನೇರವಾಗಿ, ಹಕ್ಕಿ ಹಾರುವ ದಾರಿ. ಇಷ್ಟು ದೂರದೊಳಗಿದ್ದರೆ ಕೃಷಿ ಭೂಮಿಗೂ ತೆರಿಗೆ: ಹತ್ತು ಸಾವಿರದಿಂದ ಒಂದು ಲಕ್ಷ ಜನ ಇರುವ ಊರಾದರೆ 2 ಕಿ.ಮೀ., ಒಂದರಿಂದ ಹತ್ತು ಲಕ್ಷ ಆದರೆ 6, ಅದಕ್ಕಿಂತ ದೊಡ್ಡದಾದರೆ 8. ಹೊಸೂರು 2011ರ ಜನಗಣತಿಗೇ ಒಂದು ಲಕ್ಷ ದಾಟಿತ್ತು. ಹಾಗಾಗಿ 6 ಕಿ.ಮೀ. ಲೆಕ್ಕ. ನನ್ನದು ಒಳಗೇ ಬಿತ್ತು. 2019ರಲ್ಲಿ ಹೊಸೂರು ಕಾರ್ಪೊರೇಷನ್ನೂ ಆಯಿತು. ಇನ್ನು ಊರಿನ ಗಡಿ ಎಲ್ಲಿಗೆ ಬಂದು ನಿಲ್ಲುತ್ತೋ, ನಿಮ್ಮ ಹೊಲದ ಲೆಕ್ಕವೂ ಅಲ್ಲಿಂದಲೇ.

ಆಗಿನ ಆದಾಯ ತೆರಿಗೆ ಕಾಯ್ದೆಯ 54ಬಿ ಸೆಕ್ಷನ್ ಪ್ರಕಾರ ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ ಅಷ್ಟಕ್ಕೆ ವಿನಾಯಿತಿ ಇತ್ತು. ಮಾಲೂರು ಕಡೆ ನೋಡಿದೆ. ಆಗ ಕರ್ನಾಟಕದಲ್ಲಿ ರೈತರಲ್ಲದವರು ಕೃಷಿ ಜಮೀನು ಕೊಳ್ಳೋಕೆ ತಡೆ ಹಾಕುವ 79ಎ, 79ಬಿ ಸೆಕ್ಷನ್ ಇನ್ನೂ ಇತ್ತು, 2020ರಲ್ಲಿ ತೆಗೆದರು. ರೈತ ಅಂತ ತೋರಿಸೋಕೆ ನನ್ನ ಹತ್ತಿರ ಇದ್ದದ್ದು ತಮಿಳು ಪಟ್ಟಾ, ಅಂದರೆ ತಮಿಳುನಾಡಿನ ಜಮೀನು ದಾಖಲೆ. ಅಲ್ಲಿನ ಆಫೀಸಿನಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಕೊನೆಗೆ ರಾಯಕೋಟೆ ಕಡೆ 36 ಲಕ್ಷಕ್ಕೆ ತಗೊಂಡೆ. ಉಳಿದದ್ದಕ್ಕೆ ತೆರಿಗೆ ಒಂಬತ್ತು ಲಕ್ಷದ ಹತ್ತಿರ, ಬಡ್ಡಿ ಸೇರಿ ಹತ್ತು ದಾಟಿತು. ಹೊಸ ಜಮೀನಿನಲ್ಲಿ ಬೋರು 1,100 ಅಡಿ. ಕೇಸಿಂಗ್, ಮೋಟರ್, ಕೇಬಲ್ ಎಲ್ಲಾ ಸೇರಿ ಮೂರೂವರೆ ಲಕ್ಷ. ಮೊದಲ ವರ್ಷ ನೀರು ಬಂತು. ಆಮೇಲೆ ಗಾಳಿ.

ಆದರೂ ಮಾರಿದ್ದು ಸರಿ ಅಂತಲೇ ಹೇಳುತ್ತೇನೆ. ಮಗಳ ಓದು, ಮನೆ ಎರಡೂ ಆಯಿತು.

ತಳಿ ರೋಡ್ ಗುಲಾಬಿ:
ಮಾರಿದವರೆಲ್ಲ "ಸರಿ ಆಯಿತು" ಅಂತಲೇ ಹೇಳುತ್ತಾರೆ. ನಾವು ಮಾರಲಿಲ್ಲ.

ಅರ್ಧ ಎಕರೆಗೆ ಪಾಲಿಹೌಸ್ ಹಾಕಿದೆವು, 2,000 ಚದರ ಮೀಟರ್. ತಾಜ್‌ಮಹಲ್ ತಳಿ, ಕೆಂಪು. ಕಬ್ಬಿಣ, ಶೀಟು, ಡ್ರಿಪ್, ಗಿಡ, ಬೆಡ್‌ಗೆ ಕೆಮ್ಮಣ್ಣು, ಎಲ್ಲಾ ಸೇರಿ 19 ಲಕ್ಷ. ಅರ್ಧ ಸಬ್ಸಿಡಿ ಅಂತ ಕಾಗದದಲ್ಲಿ ಇರುತ್ತೆ. ಆದರೆ ಮೊದಲು ನಮ್ಮ ದುಡ್ಡು ಹಾಕಬೇಕು, ಆಮೇಲೆ ಅವರದ್ದು ಬರುತ್ತೆ. ನಡುವಿನ ಬಡ್ಡಿ ಯಾರು ಕಟ್ಟೋದು? ಶೀಟು ಮೂರು ನಾಲ್ಕು ವರ್ಷಕ್ಕೆ ಬದಲಾಯಿಸಲೇಬೇಕು. ಒಂದು ಸಲ ಮೇ ತಿಂಗಳ ಗಾಳಿಗೆ ಮೇಲಿನ ಶೀಟು ಪೂರ್ತಿ ಕಿತ್ತುಕೊಂಡು ಪಕ್ಕದ ಲೇಔಟಿನ ಕಲ್ಲುಗಳ ಮೇಲೆ ಹೋಗಿ ಬಿತ್ತು.

ಪ್ರೇಮಿಗಳ ದಿನಕ್ಕೆ ಮುಂಚೆ, ಫೆಬ್ರವರಿ ಮೊದಲ ವಾರ ಒಂದರಲ್ಲೇ ಬರುವ ದುಡ್ಡು ಉಳಿದ ತಿಂಗಳಲ್ಲಿ ಬರೋದಿಲ್ಲ. ಕಡ್ಡಿ ಉದ್ದ, ಮೊಗ್ಗಿನ ಗಾತ್ರ ನೋಡಿ ಗ್ರೇಡ್ ಮಾಡ್ತಾರೆ. ಎರಡು ದಿನ ಮೊದಲೇ ಅರಳಿದರೆ ಎಕ್ಸ್‌ಪೋರ್ಟ್ ಹೋಯಿತು, ಲೋಕಲ್ ಮಾರ್ಕೆಟ್ ರೇಟಿಗೆ ಕೊಡಬೇಕು. 2020 ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತಲ್ಲ, ಮದುವೆ, ದೇವಸ್ಥಾನ ಎಲ್ಲಾ ಬಂದ್. ಹೂ ಕೊಯ್ಯದಿದ್ದರೆ ಗಿಡ ಕೆಡುತ್ತೆ. ಕೊಯ್ದು ಕೊಯ್ದು ಗುಂಡಿಗೆ ಹಾಕಿದೆವು. ಕೂಲಿ ಮಾತ್ರ ಕೊಡಲೇಬೇಕಾಯಿತು.

ಈಗಿನ ಕಷ್ಟ ಆಳುಗಳದ್ದು. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು ಊರೊಳಗೇ ಬಂದು ನಿಲ್ಲುತ್ತೆ. ಹೂ ಕೊಯ್ಯುತ್ತಿದ್ದ ಹುಡುಗಿಯರೆಲ್ಲ ಯೂನಿಫಾರ್ಮ್ ಹಾಕಿಕೊಂಡು ಅದರಲ್ಲಿ ಹೋಗ್ತಾರೆ. ಪಿಎಫ್ ಇದೆ, ನೆರಳಲ್ಲಿ ಕೆಲಸ. ಅವರನ್ನ ತಪ್ಪು ಅನ್ನೋಕಾಗಲ್ಲ. ನಮಗೆ ಮಾತ್ರ ಕತ್ತರಿ ಹಿಡಿಯೋ ಕೈ ಇಲ್ಲ.

ಆದರೆ ಜಮೀನು ನಮ್ಮದೇ ಇದೆ. ಅದನ್ನು ಯಾರೂ ನಮ್ಮಿಂದ ಕಿತ್ತುಕೊಂಡಿಲ್ಲ.

ಸೈಟ್ ತಗೊಂಡವನು, ಬೊಮ್ಮನಹಳ್ಳಿ:
ನಾನು ಕೊಂಡ ಕಡೆಯವನು. 2013ರಲ್ಲಿ 30-40 ಸೈಟು, ಚದರ ಅಡಿಗೆ 600ರಂತೆ 7 ಲಕ್ಷದ 20 ಸಾವಿರ. ಬೆಂಗಳೂರಿನಲ್ಲಿ ಆ ದುಡ್ಡಿಗೆ ಬಾತ್‌ರೂಮೂ ಬರ್ತಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅಪ್ರೂವಲ್ ಇಲ್ಲದ ಸೈಟು ರಿಜಿಸ್ಟರ್ ಮಾಡಬಾರದು ಅಂತ ಆರ್ಡರ್ ಮಾಡಿತು. ನನ್ನದು ಅಪ್ರೂವಲ್ ಇಲ್ಲದ್ದು. ಮಾರೋ ಹಾಗಿಲ್ಲ, ಬ್ಯಾಂಕ್ ಸಾಲ ಇಲ್ಲ, ಮನೆ ಕಟ್ಟೋಕೆ ಪ್ಲಾನ್ ಪಾಸ್ ಆಗಲ್ಲ. 2017ರಲ್ಲಿ ಸಕ್ರಮ ಸ್ಕೀಮ್ ಬಂತು, 20-10-2016ರ ಮುಂಚಿನ ಸೈಟುಗಳಿಗೆ. ಲೇಔಟ್ ಪೂರ್ತಿ ಸಕ್ರಮ ಆದರೆ ತಾನೇ ಸೈಟು ಸಕ್ರಮ? ಲೇಔಟ್ ಮಾಡಿದವನ ಫೋನ್ ಸ್ವಿಚ್ ಆಫ್. ನಾವೇ ಸೈಟಿನವರು ಸೇರಿ ಓಡಾಡಿದೆವು. ಫೀಸು, ನಕ್ಷೆ, ಓಡಾಟ ಸೇರಿ ನನ್ನ ಪಾಲಿಗೆ 60 ಸಾವಿರ ಚಿಲ್ಲರೆ.

ಈಗ ಮನೆ ಕಟ್ಟಿದ್ದೇನೆ. ನೀರು ಟ್ಯಾಂಕರ್. ಹೊಗೇನಕಲ್ ಯೋಜನೆಯ ನೀರು ಬಿಡೋಕೆ ಶುರುವಾದದ್ದು 2013ರಲ್ಲಿ, ನಮ್ಮ ಬೀದಿಗೆ ಪೈಪು ಇನ್ನೂ ಬಂದಿಲ್ಲ.

ಕೆಲವರಪಳ್ಳಿ ಕಾಲುವೆ:
ಬೊಮ್ಮನಹಳ್ಳಿ ಸಾರ್, ನಿಮಗೆ ನೀರು ಬಂದಿಲ್ಲ. ನಮಗೆ ಬಂದಿದೆ, ನಿಮ್ಮ ಬೆಂಗಳೂರಿನದ್ದೇ. ಬೆಳ್ಳಂದೂರು ಕೆರೆಯಿಂದ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ನೇರ ನಮ್ಮ ಕೆಲವರಪಳ್ಳಿ ಡ್ಯಾಮಿಗೆ. ಬೆಳ್ಳಂದೂರಲ್ಲಿ 2015ರಲ್ಲಿ, 2017ರಲ್ಲಿ ಬೆಂಕಿ ಹತ್ತಿದಾಗ ಟಿವಿಯವರೆಲ್ಲ ಓಡಿಬಂದರು. ಅದೇ ನೊರೆ ಇಲ್ಲಿ ಶಟರ್ ಎತ್ತಿದಾಗ ಆಳೆತ್ತರ ನಿಲ್ಲುತ್ತೆ. ಕಾಲುವೆ ಪಕ್ಕ ಸೊಪ್ಪಿನ ಮೇಲೆ ಬಂದು ಕೂರುತ್ತೆ. ಗಾಳಿ ಬಂದರೆ ಮುದ್ದೆ ಮುದ್ದೆಯಾಗಿ ರೋಡಿಗೆ ಹಾರುತ್ತೆ.

ಈ ಡ್ಯಾಮ್ ನಂಬಿಕೊಂಡು 8,000 ಎಕರೆ ಇದೆ. ನಾನು ಕೊತ್ತಂಬರಿ, ದಂಟು ಬೆಳೆಯುತ್ತಿದ್ದೆ. ಮಂಡಿಯಲ್ಲಿ ಕಟ್ಟು ಮೂಸಿ ನೋಡಿ ಪಕ್ಕಕ್ಕೆ ಇಡ್ತಾರೆ. ಹಸುಗಳನ್ನ ಕಾಲುವೆಗೆ ಬಿಡೋದು ನಿಲ್ಲಿಸಿದೆ, ಕಾಲಿನ ಚರ್ಮ ಕಿತ್ತು ಬರ್ತಿತ್ತು. ಕೆಲಸದವರು ನೀರಿಗೆ ಇಳಿಯೋಕೆ ಜಾಸ್ತಿ ಕೂಲಿ ಕೇಳ್ತಾರೆ, ಕೊಡಲೇಬೇಕು. "ಜಮೀನು ನಮ್ಮದೇ ಇದೆ" ಅನ್ನೋ ಗುಲಾಬಿ ಅಕ್ಕನಿಗೆ ಹೇಳ್ತೀನಿ: ನನ್ನದೂ ಇದೆ ಅಕ್ಕ. ಅದರಲ್ಲಿ ಬೆಳೆದಿದ್ದು ನನ್ನ ಮನೆ ಮಕ್ಕಳಿಗೆ ಹಾಕೋಕೆ ಹೆದರಿಕೆ.

ಸೈಟ್ ತಗೊಂಡವನು, ಬೊಮ್ಮನಹಳ್ಳಿ:
ಆ ನೊರೆ ನಾನೊಬ್ಬನೇ ಬಿಟ್ಟಿದ್ದಾ? ನಾನು ಒಂದು ಸೈಟ್ ತಗೊಂಡ ಕಾರ್ಮಿಕ. ಮಾರಿದವರು ನಿಮ್ಮವರೇ ತಾನೇ? ಬಲವಂತ ಮಾಡಿ ಯಾರೂ ಕಿತ್ತುಕೊಂಡಿಲ್ಲ.

ಕೆಲವರಪಳ್ಳಿ ಕಾಲುವೆ:
ನೀರು ಕೆಡಿಸಿ, ಬೆಳೆ ಕೆಡಿಸಿ, ಆಮೇಲೆ ರೇಟು ಕೇಳಿಕೊಂಡು ಬರೋದು ಬಲವಂತ ಅಲ್ವಾ? ನಮ್ಮ ಸಾಲಿನಲ್ಲಿ ಮಾರಿದವರೆಲ್ಲ ಬೆಳೆ ಬರದೆ ಮಾರಿದವರು. ಆಸೆಗೆ ಮಾರಿದವರು ಒಬ್ಬರೂ ಇಲ್ಲ.

ಲೇಔಟ್ ಪಾಲಿನವನು, ಸೂಳಗಿರಿ:
ಜಗಳ ಆಮೇಲೆ ಮಾಡಿ. ಕೇಳಿರೋದು ಜಾಯಿಂಟ್ ವೆಂಚರ್ ಬಗ್ಗೆ. ನಾನು ಮಾಡಿದ್ದೇನೆ, ಲಾಭದಲ್ಲಿದ್ದೇನೆ. ಆದರೆ ಕೂದಲು ಬೆಳ್ಳಗಾಯಿತು.

ಎರಡು ಎಕರೆ ಅಂದರೆ 87,120 ಚದರ ಅಡಿ. ಇದರಲ್ಲಿ ಅರ್ಧ ನಮಗೆ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ರೋಡಿಗೇ 28,000 ಹೋಯಿತು. ಉಳಿದದ್ದರಲ್ಲಿ ನೂರಕ್ಕೆ ಹತ್ತು ಪಾರ್ಕಿಗೆ. ರೋಡು, ಪಾರ್ಕು ಎರಡನ್ನೂ ಪಂಚಾಯ್ತಿಗೆ ದಾನಪತ್ರ ಬರೆದು ಕೊಡಬೇಕು, ಆಮೇಲೆ ಫೈನಲ್ ಅಪ್ರೂವಲ್. ಕೈಗೆ ಸಿಕ್ಕಿದ್ದು 53,000 ಅಡಿ. ಅದರಲ್ಲಿ ಅರ್ಧ ನನ್ನದು: 1,200ರ 22 ಸೈಟು.

ಒಂದೂವರೆ ವರ್ಷ ಅಂದರು. 2019ರಲ್ಲಿ ಅಗ್ರಿಮೆಂಟ್, 2023ರಲ್ಲಿ ಸೈಟು. ಜಮೀನಿನ ಮೂಲೆಯಲ್ಲಿ ಮಳೆ ನೀರು ಹೋಗುವ ಓಣಿ ಇತ್ತು, ಹಳೇ ನಕ್ಷೆಯಲ್ಲಿ ಅದು ಸರ್ಕಾರಿ ಹಳ್ಳ. ಅದಕ್ಕೊಂದು ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಕೃಷಿ ಇಲಾಖೆಯಿಂದ ಇನ್ನೊಂದು. ನಡುವೆ ಕೋವಿಡ್. ಅಷ್ಟೂ ವರ್ಷ ಬೆಳೆ ಇಲ್ಲ, ಯಾಕಂದ್ರೆ ಮೊದಲ ತಿಂಗಳೇ ಜೆಸಿಬಿ ತಂದು ಬದು ಎಲ್ಲಾ ಸಮ ಮಾಡಿದ್ದರು. ಹುಣಸೆ ಮರ ಎರಡಿತ್ತು, ಅದರ ದುಡ್ಡೂ ಅವರೇ ತಗೊಂಡರು. ಅಡ್ವಾನ್ಸ್ 20 ಲಕ್ಷ ಕೊಟ್ಟಿದ್ದು ನಿಜ. ಅದು ವಾಪಸ್ ಕೊಡಬೇಕಾದ ಡಿಪಾಸಿಟ್ ಅಂತ ಪತ್ರದಲ್ಲಿ ಸಣ್ಣಕ್ಷರದಲ್ಲಿತ್ತು. ಮೂರು ಸೈಟು ಮಾರಿ ತೀರಿಸಿದೆ.

ನಿಮಗೆ ಒಂದೇ ಮಾತು. ಪವರ್ ಆಫ್ ಅಟಾರ್ನಿ ಬರೆದುಕೊಡುವಾಗ ನಿಮ್ಮ ಪಾಲಿನ ಸೈಟುಗಳನ್ನು ಮಾರುವ ಅಧಿಕಾರ ಕೊಡಬೇಡಿ. ನಕ್ಷೆ ಮೇಲೆ ನಿಮ್ಮ ಸೈಟ್ ನಂಬರ್‌ಗೆ ಬಣ್ಣ ಹಚ್ಚಿ, ಅದನ್ನು ಪತ್ರಕ್ಕೆ ಸೇರಿಸಿ ರಿಜಿಸ್ಟರ್ ಮಾಡಿಸಿ. ನನ್ನ ಪಕ್ಕದ ಜಮೀನಿನವರು ಬಾಯಿ ಮಾತಲ್ಲಿ ಬಿಟ್ಟರು. ಮೇನ್ ರೋಡಿನ ಸೈಟೆಲ್ಲ ಪಾರ್ಟಿಗೆ, ಹೈಟೆನ್ಷನ್ ಲೈನ್ ಕೆಳಗಿನದು ಇವರಿಗೆ.

ಡೆಂಕಣಿಕೋಟೆ ಮಗಳು:
ಮತ್ತಿಗಿರಿ ಅಣ್ಣ "ಮಗಳ ಓದು" ಅಂದರು, ಸಂತೋಷ. ನಿಮ್ಮ ಅಕ್ಕತಂಗಿಯರಿಗೆ ಎಷ್ಟು ಕೊಟ್ಟಿರಿ?

ನನ್ನ ಕಥೆ ಕೇಳಿ. ಅಪ್ಪ ಹೋದ ಮೇಲೆ ಅಣ್ಣಂದಿರು "ಪಟ್ಟಾ ಬದಲಾಯಿಸೋಕೆ ಒಂದು ಸೈನು" ಅಂತ ಕರೆದರು. ಪತ್ರ ಪೂರ್ತಿ ತಮಿಳು. ನಾನು ಓದಿದ್ದು ಕನ್ನಡ ಶಾಲೆ, ತಮಿಳಲ್ಲಿ ಬಸ್ ಬೋರ್ಡ್ ಮಾತ್ರ ಓದೋಕೆ ಬರುತ್ತೆ. ಅಣ್ಣನನ್ನು ನಂಬದೆ ಯಾರನ್ನು ನಂಬೋದು? ಅದು ಹಕ್ಕು ಬಿಡುಗಡೆ ಪತ್ರ. ಆರು ತಿಂಗಳಿಗೆ ಜಮೀನು ಲೇಔಟ್‌ಗೆ ಹೋಯಿತು. ನನಗೆ ಒಂದು ಸೀರೆ, ಐವತ್ತು ಸಾವಿರ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರ ಕಾನೂನು ಇದೆ. ಅಪ್ಪ ಆವಾಗ ಬದುಕಿರಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕೇಸು ನಡೀತಿದೆ. ವಕೀಲರ ಫೀಸು, ತಮಿಳು ಪತ್ರಗಳ ನಕಲು, ಅನುವಾದ, ಈಗಾಗಲೇ ಎರಡು ಲಕ್ಷ ಮೀರಿದೆ.

ಮತ್ತಿಗಿರಿಯವನು:
ಅಮ್ಮಾ, ಗೊತ್ತಿಲ್ಲದೆ ಮಾತಾಡಬೇಡಿ. ನನ್ನದು ಸ್ವಯಾರ್ಜಿತ, ಅಪ್ಪ ನನ್ನ ಹೆಸರಿಗೆ ತೆಗೆದದ್ದು. ತಂಗಿಗೆ ಮದುವೆಯಲ್ಲಿ ಮಾಡಿದ್ದೇವೆ.

ಡೆಂಕಣಿಕೋಟೆ ಮಗಳು:
ಅಪ್ಪ ತೆಗೆದಿದ್ದರೆ ಅದು ನಿಮ್ಮ ಸ್ವಯಾರ್ಜಿತ ಹೇಗಾಯ್ತು ಅಣ್ಣ? "ಮದುವೆಯಲ್ಲಿ ಮಾಡಿದ್ದೇವೆ" ಅನ್ನೋದು ನನ್ನ ಅಣ್ಣನ ಬಾಯಲ್ಲೂ ಇದ್ದ ಮಾತು.

ಝೂಜುವಾಡಿ ಮೇಷ್ಟ್ರು:
ತಮಿಳು ಪತ್ರದ ಮಾತು ಬಂತಲ್ಲ, ಅದಕ್ಕೆ ಬರೀತಿದ್ದೇನೆ. ಗಡಿಯಲ್ಲಿ ಕನ್ನಡ ಶಾಲೆ ಮಕ್ಕಳು ಕಡಿಮೆ ಆಗೋಕೆ ಶಾಲೆಗಳಲ್ಲಿ ತಮಿಳು ಕಡ್ಡಾಯ ಮಾಡಿದ 2006ರ ತಮಿಳು ಕಲಿಕೆ ಕಾಯ್ದೆ ಒಂದು ಕಾರಣ ಇರಬಹುದು. ಜಮೀನು ಹೋದದ್ದು ಇನ್ನೊಂದು. ಜಮೀನು ಮಾರಿದ ಮನೆ ಊರು ಬಿಡುತ್ತೆ, ಮಗು ಆನೇಕಲ್‌ನಲ್ಲೋ ಅತ್ತಿಬೆಲೆಯಲ್ಲೋ ಇಂಗ್ಲಿಷ್ ಸ್ಕೂಲಿಗೆ ಸೇರುತ್ತೆ.

ಲೇಔಟ್ ಪಾಲಿನವನು, ಸೂಳಗಿರಿ:
ಮೇಷ್ಟ್ರೇ, ಶಾಲೆ ಮುಚ್ಚೋದಕ್ಕೂ ನಮ್ಮನ್ನೇ ಹೊಣೆ ಮಾಡಬೇಡಿ. ನನ್ನ ಮಕ್ಕಳು ತಮಿಳೂ ಓದ್ತಾರೆ, ಕನ್ನಡವೂ ಓದ್ತಾರೆ. ಮೊದಲು ತಮಿಳು ಓದೋಕೆ ಕಲಿತಿದ್ದರೆ ಈ ಅಕ್ಕನಿಗೆ ಮೋಸ ಆಗ್ತಿತ್ತಾ?

ಝೂಜುವಾಡಿ ಮೇಷ್ಟ್ರು:
ಮೋಸ ಮಾಡಿದವನು ಅಣ್ಣ. ಭಾಷೆ ಬಾರದ್ದು ಅವಳ ತಪ್ಪಾ?

ಬಾಗಲೂರು ಹುಡುಗ:
ಎಲ್ಲರಿಗೂ ಧನ್ಯವಾದ. ಏರ್‌ಪೋರ್ಟ್, ಮೆಟ್ರೋ ಬಗ್ಗೆ ಯಾರಾದರೂ ಹೇಳ್ತೀರಾ? ಕಾಯಬೇಕಾ?

ತಳಿ ರೋಡ್ ಗುಲಾಬಿ:
2024ರ ಜೂನ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಹೊಸೂರು ಏರ್‌ಪೋರ್ಟ್ ಬಗ್ಗೆ ಅಸೆಂಬ್ಲಿಯಲ್ಲಿ ಹೇಳಿದ್ದು 2,000 ಎಕರೆ, ವರ್ಷಕ್ಕೆ 3 ಕೋಟಿ ಪ್ರಯಾಣಿಕರು. ಆದರೆ ಬೆಂಗಳೂರು ಏರ್‌ಪೋರ್ಟಿನ ಒಪ್ಪಂದದಲ್ಲಿ 2033ರವರೆಗೆ 150 ಕಿ.ಮೀ. ಒಳಗೆ ಇನ್ನೊಂದು ಬೇಡ ಅಂತಿದೆ. ಮೆಟ್ರೋ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೆ ಬಂದು ನಿಂತಿದೆ. ನಮ್ಮೂರಿನಲ್ಲಿ ಬ್ರೋಕರ್‌ಗಳು ಆಗಲೇ ಅದನ್ನು ಹೊಸೂರು ದಾಟಿಸಿದ್ದಾರೆ. ಮತ್ತೆ, ಆ 2,000 ಎಕರೆ ಎಲ್ಲಿಂದ ಬರುತ್ತೆ ಅಂತ ಯೋಚನೆ ಮಾಡಿದೀರಾ? ಪಕ್ಕದಲ್ಲಿ ಬಂದರೆ ರೇಟು. ನಿಮ್ಮ ಸರ್ವೆ ನಂಬರೇ ಅದರೊಳಗೆ ಬಂದರೆ ಸರ್ಕಾರ ಕೊಟ್ಟಷ್ಟು.

ಕೆಲವರಪಳ್ಳಿ ಕಾಲುವೆ:
ಬೋರಲ್ಲಿ ನೀರು ಎಷ್ಟಿದೆ ಅಂತ ಬರೆದೇ ಇಲ್ಲ ನೀವು. ಟೆಸ್ಟ್ ಮಾಡಿಸಿದೀರಾ? ಬಾಗಲೂರು ಕಡೆಯೂ ನದಿ ದೂರ ಇಲ್ಲ.

ಡೆಂಕಣಿಕೋಟೆ ಮಗಳು:
ತಮ್ಮಾ, ಪಟ್ಟಾ ಅಪ್ಪನ ಹೆಸರಲ್ಲಿದೆಯಾ, ಇನ್ನೂ ತಾತನ ಹೆಸರಲ್ಲೇ ಇದೆಯಾ? ಇಷ್ಟು ಜನ ಬರೆದರು, ಒಬ್ಬರೂ ಕೇಳಲಿಲ್ಲ. ಮಾಲೂರಿನ ತಂಗಿಗೆ ಈ ಬ್ರೋಕರ್ ವಿಷಯ ಗೊತ್ತಿದೆಯಾ? ಅದನ್ನು ಮೊದಲು ಹೇಳಿ.