ಅಟ್ಟದಿಂದ ಇಳಿದ ಹ್ಯಾಮ್ ಸೆಟ್‌ಗಳು: ಮೊದಲು ಯಾವುದಕ್ಕೆ ಕರೆಂಟ್ ಕೊಡೋದು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಾವು ಕೆಲವರು ಸೇರಿ ಸಣ್ಣದೊಂದು ಹ್ಯಾಮ್ ಕ್ಲಬ್, ಅಂದರೆ ಹವ್ಯಾಸಿ ರೇಡಿಯೋದವರ ಕೂಟ, ಮಾಡಿಕೊಂಡಿದ್ದೇವೆ. ಲೈಸೆನ್ಸ್ ಇರೋದು ಇಬ್ಬರಿಗೆ ಮಾತ್ರ. ಉಳಿದವರು ಪರೀಕ್ಷೆಗೆ ಓದುತ್ತಿದ್ದೇವೆ, ಅಂದರೆ ಓದುತ್ತಿದ್ದೇವೆ ಅಂತ ಹೇಳಿಕೊಳ್ಳುತ್ತಿದ್ದೇವೆ.

ಮೊನ್ನೆ ಹೊಸನಗರದ ಕಡೆಯ ಒಂದು ಮನೆಯಿಂದ ಫೋನ್ ಬಂತು. ಆ ಮನೆಯ ಅಜ್ಜ ಹಳೇ ಕಾಲದ ಹ್ಯಾಮ್. ತೀರಿಕೊಂಡು ಸುಮಾರು ವರ್ಷವಾಯಿತು. ಈಗ ಹಂಚು ಇಳಿಸಿ ರಿಪೇರಿ ಮಾಡಿಸುತ್ತಿದ್ದಾರೆ, ಅಟ್ಟ ಖಾಲಿ ಆಗಬೇಕು. "ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ, ಬೇಕಾದ್ರೆ ತಗೊಂಡು ಹೋಗಿ" ಅಂದರು. ಜೀಪಿನಲ್ಲಿ ತುಂಬಿಕೊಂಡು ಬಂದೆವು.

ಒಂದು ಮರದ ಪೆಟ್ಟಿಗೆಯ ಮರ್ಫಿ ರೇಡಿಯೋ. ಒಂದು ಕಪ್ಪು ಮಿಲಿಟರಿ ಸೆಟ್, ಎತ್ತಲು ಇಬ್ಬರು ಬೇಕು, ತಗಡಿನ ಪಟ್ಟಿಯಲ್ಲಿ ಬಿಸಿ-348 ಅಂತ ಇದೆ. ಅಜ್ಜ ಕೈಯಾರೆ ಕಟ್ಟಿದ ಟ್ರಾನ್ಸ್‌ಮಿಟರ್ ಇರಬೇಕು, ಅಲ್ಯೂಮಿನಿಯಂ ಚಾಸಿಯ (ತಗಡಿನ ತಳ) ಮೇಲೆ ನೆತ್ತಿಗೆ ಟೋಪಿ ಇಟ್ಟುಕೊಂಡಂಥ ಎರಡು ಗಾಜಿನ ವಾಲ್ವ್, ಮೇಲೆ 807 ಅಂತ ಬರೆದಿದೆ. ಒಂದು ಮೋರ್ಸ್ ಕೀ. ಬಿಸ್ಕತ್ ಡಬ್ಬದ ತುಂಬ ಕ್ಯೂಎಸ್‌ಎಲ್ ಕಾರ್ಡು (ಗಾಳಿಯಲ್ಲಿ ಮಾತಾಡಿದ್ದಕ್ಕೆ ಹ್ಯಾಮ್‌ಗಳು ಒಬ್ಬರಿಗೊಬ್ಬರು ಕಳಿಸುವ ಕಾರ್ಡು), ತಳದಲ್ಲಿ ಎರಡು ಪಿನ್ನಿನ ಸಣ್ಣ ಕಪ್ಪು ಕ್ರಿಸ್ಟಲ್‌ಗಳು.

ಇಲ್ಲಿನ ಕಾಲೇಜೊಂದರಲ್ಲಿ ವಸ್ತುಪ್ರದರ್ಶನ ಇದೆ. ಬಿಸಿ-348ರಲ್ಲಿ ಭದ್ರಾವತಿ ಆಕಾಶವಾಣಿ ಹಿಡಿದು ಮಕ್ಕಳಿಗೆ ಕೇಳಿಸಬೇಕು ಅಂತ ನಮ್ಮ ಆಸೆ. ಒಬ್ಬ ಮೆಂಬರ್ "ಪ್ಲಗ್ ಹಾಕಿ ನೋಡೇಬಿಡೋಣ" ಅಂತ ಕೂತಿದ್ದಾನೆ. ಹಾಕಬಹುದಾ? ಇನ್ನೊಂದು, ಆ ಟ್ರಾನ್ಸ್‌ಮಿಟರ್ ಇಟ್ಟುಕೊಂಡರೆ ಕಾನೂನಿನ ತೊಂದರೆ ಏನಾದರೂ ಇದೆಯಾ?

ಹಳೇ ವಾಲ್ವ್, ಸಾಗರ

ಹಾಕಬೇಡಿ ಮಾರಾಯ್ರೇ. "ಹಾಕಿ ನೋಡೇಬಿಡೋಣ" ಅನ್ನುವವನು ಪ್ರತಿ ಕ್ಲಬ್ಬಿನಲ್ಲೂ ಒಬ್ಬ ಇರುತ್ತಾನೆ. ಅವನನ್ನು ಟೀ ತರಲು ಕಳಿಸಿ, ಅಷ್ಟರಲ್ಲಿ ಇದನ್ನು ಓದಿ.

ಹಳೇ ಸೆಟ್ಟಿನಲ್ಲಿ ವಾಲ್ವ್ ಹೋಗುವುದು ಕಡಿಮೆ. ಹೋಗುವುದು ಮೇಣ ಮೆತ್ತಿದ ಕಾಗದದ ಕೆಪಾಸಿಟರ್‌ಗಳು. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಗೆ ನೇತುಹಾಕಿದ ಚರ್ಮದ ಚೀಲಕ್ಕೇ ಬೂಷ್ಟು ಬರುತ್ತದೆ, ಇನ್ನು ಕಾಗದ ಬಿಡುತ್ತದಾ? ನೀರು ಕುಡಿದ ಕೆಪಾಸಿಟರ್ ಸೋರಲು ಶುರುವಾಗುತ್ತದೆ. ಅದರಲ್ಲೂ ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ, ಅಂದರೆ ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ತಂತಿಜಾಲಕ್ಕೆ, ಹೋಗುವ ಒಂದು ಕೆಪಾಸಿಟರ್ ಇದೆ. ಹಿಂದಿನ ವಾಲ್ವಿನ ಡಿಸಿ ವೋಲ್ಟೇಜನ್ನು ತಡೆದು ಹಾಡನ್ನು ಮಾತ್ರ ಮುಂದೆ ಬಿಡುವುದು ಅದರ ಕೆಲಸ. ಅದು ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ಬರುತ್ತದೆ, ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೆಪಾಸಿಟರ್ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಎಲ್ಲಿಂದ ತರುತ್ತೀರಿ? ಅದಕ್ಕೇ ಆ ಒಂದನ್ನು ಪರೀಕ್ಷೆ ಗಿರೀಕ್ಷೆ ಮಾಡದೆ ಕಿತ್ತು, ಅಷ್ಟೇ ಕೆಪಾಸಿಟೆನ್ಸಿನ 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಹಾಕಿ.

ಮರ್ಫಿಯಿಂದ ಶುರು ಮಾಡಿ. ಹಿಂದಿನ ರಟ್ಟು ಬಿಚ್ಚಿ ವಾಲ್ವ್‌ಗಳ ಹೆಸರಿನ ಮೊದಲ ಅಕ್ಷರ ನೋಡಿ. 'ಇ' ಇದ್ದರೆ, ಅಂದರೆ ಇಸಿಎಚ್81, ಇಬಿಎಫ್89, ಇಎಲ್84 ಈ ಥರ ಇದ್ದರೆ, ಅವು 6.3 ವೋಲ್ಟಿನ ಹೀಟರಿನ (ವಾಲ್ವಿನೊಳಗೆ ಕಾಯುವ ತಂತಿ) ವಾಲ್ವ್‌ಗಳು. ಸಾಮಾನ್ಯವಾಗಿ ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಸ್ವಲ್ಪ ನೆಮ್ಮದಿ. 'ಯು' ಇದ್ದರೆ, ಯುಸಿಎಚ್81, ಯುಸಿಎಲ್82, ಯುವೈ85 ಇದ್ದರೆ, ಹುಷಾರು. ಅದು ಎಸಿ-ಡಿಸಿ ಸೆಟ್. ಹೀಟರ್‌ಗಳೆಲ್ಲ ಸಾಲಾಗಿ ನೇರ ಮೇನ್ಸಿಗೇ ಸೇರಿರುತ್ತವೆ, ಚಾಸಿಯೂ ಮೇನ್ಸಿನ ಒಂದು ತಂತಿಗೆ ಅಂಟಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಯಲ್ಲಿ 230 ವೋಲ್ಟ್. ನಾಬಿನ ಸ್ಕ್ರೂ ಮುಟ್ಟಿದರೂ ಹೊಡೆಯುತ್ತದೆ. ಅಂಥದ್ದನ್ನು ಪ್ರದರ್ಶನದ ಮೇಜಿನ ಮೇಲೆ ಮಕ್ಕಳ ಕೈಗೆ ಸಿಗುವಂತೆ ಇಡಲೇಬೇಡಿ.

ಮೊದಲ ಸಲ ಕರೆಂಟ್ ಕೊಡುವಾಗ 60 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ತಂತಿಯ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಜೋರಾಗಿ ಹೊತ್ತಿ ಆಮೇಲೆ ಮಂಕಾದರೆ ಪರವಾಗಿಲ್ಲ. ಹಾಗೇ ಉರಿಯುತ್ತಿದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ.

ಈಗ ನಿಮ್ಮ ಕಪ್ಪು ಸೆಟ್. ಒಳ್ಳೇ ಮಾಲು ಸಿಕ್ಕಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17, ಬಿ-24 ಬಾಂಬರ್ ವಿಮಾನಗಳಲ್ಲಿ ಇದ್ದ ರಿಸೀವರ್ ಅದು. ಯುದ್ಧ ಮುಗಿದ ಮೇಲೆ ಸರ್‌ಪ್ಲಸ್ ಮಾಲಾಗಿ ಬಿಕರಿಯಾಗಿ ಹ್ಯಾಮ್‌ಗಳ ಮನೆ ಸೇರಿತು. ಆದರೆ ಅದರಲ್ಲಿ ಭದ್ರಾವತಿ ಸಿಗುವುದಿಲ್ಲ, ಎಷ್ಟು ತಿರುಗಿಸಿದರೂ ಸಿಗುವುದಿಲ್ಲ. ಸೆಟ್ ಕೆಟ್ಟಿದೆ ಅಂತಲ್ಲ. ಅದರ ಬ್ಯಾಂಡು 200ರಿಂದ 500 ಕಿಲೋಹರ್ಟ್ಸ್, ಆಮೇಲೆ ನೇರ 1.5ರಿಂದ 18 ಮೆಗಾಹರ್ಟ್ಸ್. ಭದ್ರಾವತಿಯ 675 ಕಿಲೋಹರ್ಟ್ಸ್ ನಡುವಿನ ಕಂದಕದಲ್ಲಿ ಬಿತ್ತು. ಭದ್ರಾವತಿ ಬೇಕಾದರೆ ಮರ್ಫಿಯಲ್ಲಿ ಹುಡುಕಿ. ಡಯಲ್ಲಿನಲ್ಲಿ ಮೀಟರ್ ಲೆಕ್ಕ ಬರೆದಿದ್ದರೆ 444ರ ಆಸುಪಾಸು.

ಬಿಸಿ-348ಕ್ಕೆ ಕೊಡಬೇಕಾದ್ದು 28 ವೋಲ್ಟ್ ಡಿಸಿ. ಒಳಗೆ ಡೈನಮೋಟರ್ ಅಂತ ಒಂದು ತಿರುಗುವ ಯಂತ್ರ ಇತ್ತು, ಅದೇ ಹೈವೋಲ್ಟೇಜ್ ತಯಾರಿಸುತ್ತಿತ್ತು. ಹ್ಯಾಮ್‌ಗಳು ಅದನ್ನು ಕಿತ್ತು ಮೇನ್ಸ್ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಿದ್ದರು, ಹೀಟರ್‌ಗಳನ್ನೂ 6.3 ವೋಲ್ಟಿಗೆ ಬದಲಾಯಿಸುತ್ತಿದ್ದರು. ನಿಮ್ಮ ಅಜ್ಜ ಯಾವ ದಾರಿ ಹಿಡಿದಿದ್ದರು ಅಂತ ಮೊದಲು ನೋಡಿ. ಬದಲಾಯಿಸಿದ ಸೆಟ್ಟಿಗೆ ಪುಸ್ತಕದಲ್ಲಿದೆ ಅಂತ 28 ವೋಲ್ಟ್ ಕೊಟ್ಟರೆ ಎಲ್ಲ ಹೀಟರ್ ಒಟ್ಟಿಗೇ ಹೋಗುತ್ತವೆ.

ಟ್ರಾನ್ಸ್‌ಮಿಟರನ್ನು ಈಗ ಮುಟ್ಟಲೇಬೇಡಿ. 807ರ ಆ ಟೋಪಿಯಲ್ಲಿ 500-600 ವೋಲ್ಟ್ ಇರುತ್ತದೆ. ಅದರ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಹೊಡೆಯುತ್ತವೆ. ಇನ್ನು ಕಾನೂನು. ರಿಸೀವರಿಗೂ ಒಂದು ಕಾಲದಲ್ಲಿ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟುತ್ತಿದ್ದೆವು, ಆ ಪುಸ್ತಕ ಇನ್ನೂ ನನ್ನ ಟ್ರಂಕಿನಲ್ಲಿದೆ. ಅದೆಲ್ಲ ಈಗ ಇಲ್ಲ. ಟ್ರಾನ್ಸ್‌ಮಿಟರಿಗೆ ಮಾತ್ರ ಲೈಸೆನ್ಸ್ ಬೇಕೇ ಬೇಕು. ನಿಮ್ಮಲ್ಲಿ ಲೈಸೆನ್ಸ್ ಇರುವ ಇಬ್ಬರಲ್ಲಿ ಒಬ್ಬರ ಸುಪರ್ದಿಯಲ್ಲಿ ಇಡಿ, ಕೊಟ್ಟ ಮನೆಯವರಿಂದ ಒಂದು ಚೀಟಿ ಬರೆಸಿಕೊಳ್ಳಿ. ಅಜ್ಜನ ಕಾಲ್ ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು) ಕಾರ್ಡಿನ ಮೇಲೆ ಎಷ್ಟೇ ಚೆಂದ ಕಂಡರೂ ಗಾಳಿಯಲ್ಲಿ ನೀವು ಬಳಸುವ ಹಾಗಿಲ್ಲ.

ಡಾಂಗಲ್ ದಾಸ

ಬೇಸರ ಮಾಡ್ಕೋಬೇಡಿ ಸಾರ್. ಇಷ್ಟೆಲ್ಲ ಕಷ್ಟ ಯಾಕೆ? ಒಂದು ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚೋ ಪುಟ್ಟ ರಿಸೀವರ್) ತಗೊಂಡ್ರೆ ಇಡೀ ಬ್ಯಾಂಡು ಲ್ಯಾಪ್‌ಟಾಪ್ ಪರದೆ ಮೇಲೆ ಕಾಣುತ್ತೆ. ಮರ್ಫಿ ಒಳಗಿನದೆಲ್ಲ ತೆಗೆದು ಬ್ಲೂಟೂತ್ ಸ್ಪೀಕರ್ ಹಾಕಿದ್ರೆ ಹಾಲ್‌ನಲ್ಲಿ ಸಖತ್ ಕಾಣುತ್ತೆ. ನಮ್ಮ ಫ್ರೆಂಡ್ ಮಾಡಿಸಿದ್ದಾನೆ.

ಕಬ್ಬಿಣದೂರು, ಭದ್ರಾವತಿ

ಬ್ಲೂಟೂತ್ ವಿಷಯಕ್ಕೆ ಸಾಗರದ ಸಾರ್ ಬಂದು ಉತ್ತರ ಕೊಡ್ತಾರೆ, ನಾನು ದೂರ ನಿಲ್ಲುತ್ತೇನೆ. ಎರಡೇ ಮಾತು ಸೇರಿಸುತ್ತೇನೆ.

'ಯು' ವಾಲ್ವಿನ ಸೆಟ್ ಆದರೆ ರಿಪೇರಿ ಮಾಡುವಾಗ ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೈ ಹಾಕಬೇಡಿ. ಸೀರೀಸ್ ಬಲ್ಬ್ ಸೆಟ್ಟನ್ನು ಉಳಿಸುತ್ತದೆ, ನಿಮ್ಮನ್ನಲ್ಲ. ಕೆಪಾಸಿಟರ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ವಾಲ್ವ್ ಬೇಕಾದರೆ ಬೆಂಗಳೂರಿನ ಬಿಇಎಲ್ ಹಿಂದೆ ಮಾಡುತ್ತಿದ್ದವನ್ನೇ ಹುಡುಕಿ, ಹಳೇ ರಿಪೇರಿಯವರ ಡಬ್ಬಗಳಲ್ಲಿ ಈಗಲೂ ಒಂದೊಂದು ಇರುತ್ತವೆ.

ಇನ್ನೊಂದು, ಯುದ್ಧಕಾಲದ ಕೆಲವು ಉಪಕರಣಗಳ ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳೆಯುವುದು ನಿಂತರೂ ವಿಕಿರಣ ನಿಂತಿರುವುದಿಲ್ಲ. ಡಯಲ್ಲನ್ನು ಚಾಕುವಿನಲ್ಲಿ ಕೆರೆದು ಕ್ಲೀನ್ ಮಾಡಲು ಹೋಗಬೇಡಿ.

ತುಂಗಾತೀರ, ಶಿವಮೊಗ್ಗ

ತುಂಬಾ ಥ್ಯಾಂಕ್ಸ್ ಸಾರ್, ಥ್ಯಾಂಕ್ಸ್ ಅಕ್ಕ. ಎರಡನ್ನೂ ಬಿಚ್ಚಿದೆವು, ಪ್ಲಗ್ ಹಾಕಿಲ್ಲ.

ಮರ್ಫಿಯಲ್ಲಿ 'ಇ' ವಾಲ್ವ್‌ಗಳು! ಟ್ರಾನ್ಸ್‌ಫಾರ್ಮರ್ ಇದೆ. ಆದರೆ ಚಾಸಿಯ ಮೇಲೆ ಇಲಿ ಸಂಸಾರ ಮಾಡಿದೆ, ಒಂದು ಮೂಲೆ ಹಸಿರು ಬಿಳಿ ತುಕ್ಕು. ಡಯಲ್ಲಿನ ದಾರ ತುಂಡಾಗಿದೆ. ಮೂಲೆಯಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು.

ಬಿಸಿ-348 ಒಳಗಡೆ ಅಚ್ಚುಕಟ್ಟು. ಡೈನಮೋಟರ್ ಇಲ್ಲ, ಆ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಇದೆ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದ್ದಾರೆ, ಪೆನ್ಸಿಲ್ಲಿನಲ್ಲಿ ಹೀಟರ್ ವೈರಿಂಗ್ ಚಿತ್ರ, ಪಕ್ಕದಲ್ಲಿ 6.3 ಅಂತ ಬರೆದು ಎರಡು ಸಲ ಅಡಿಗೆರೆ ಎಳೆದಿದ್ದಾರೆ. ನಮ್ಮಂಥವರು ಯಾರಾದರೂ ಬರುತ್ತಾರೆ ಅಂತ ಗೊತ್ತಿತ್ತೋ ಏನೋ.

ಇದರಲ್ಲಿ ಭದ್ರಾವತಿ ಇಲ್ಲದಿದ್ದರೆ ಪ್ರದರ್ಶನದಲ್ಲಿ ಏನು ಕೇಳಿಸೋದು ಸಾರ್?

ಹಳೇ ವಾಲ್ವ್, ಸಾಗರ

ಆ ಚೀಟಿ ಕೀಳಬೇಡಿ. ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಕೇಳಿಸುವುದಕ್ಕೆ ಹ್ಯಾಮ್‌ಗಳ 40 ಮೀಟರ್ ಬ್ಯಾಂಡ್ ಇದೆಯಲ್ಲ, 7ರಿಂದ 7.2 ಮೆಗಾಹರ್ಟ್ಸ್. ನಿಮ್ಮ ಕೈಯಲ್ಲಿರುವ ವಿಎಚ್‌ಎಫ್ ವಾಕಿಟಾಕಿ ಆಗುಂಬೆ ಕಡೆ ಹೋದರೆ ಗುಡ್ಡದ ಒಂದು ತಿರುವಿಗೇ ಸತ್ತುಹೋಗುತ್ತದೆ. 7 ಮೆಗಾಹರ್ಟ್ಸ್ ಹಾಗಲ್ಲ. ಏರಿಯಲ್ ನೆಲಕ್ಕೆ ಹತ್ತಿರ ಇದ್ದರೆ ಅಲೆ ನೇರ ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ ತಾಗಿ, ಸುತ್ತಲಿನ ಜಿಲ್ಲೆಗಳ ಮೇಲೆ ಇಳಿಯುತ್ತದೆ. ಗುಡ್ಡ ಅಡ್ಡ ಬರುವ ಪ್ರಶ್ನೆಯೇ ಇಲ್ಲ. ಬೆಳಿಗ್ಗೆ ಹೊತ್ತು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯವರು ಮಾತಾಡುವುದು ಕೇಳುತ್ತದೆ. ಯುದ್ಧದ ವಿಮಾನದಿಂದ ಇಳಿದ ಸೆಟ್ಟಿನಲ್ಲಿ ಹುಬ್ಬಳ್ಳಿಯವರು ಇವತ್ತಿನ ಮಳೆ ಬಗ್ಗೆ ಮಾತಾಡುವುದನ್ನು ಕೇಳಿದರೆ ಮಕ್ಕಳು ಭದ್ರಾವತಿ ಮರೆಯುತ್ತಾರೆ.

ಆದರೆ ಅವರೆಲ್ಲ ಮಾತಾಡುವುದು ಎಸ್‌ಎಸ್‌ಬಿಯಲ್ಲಿ, ಅಂದರೆ ಸಿಗ್ನಲಿನ ಒಂದು ಪಕ್ಕವನ್ನು ಮಾತ್ರ ಕಳಿಸುವ ವಿಧಾನದಲ್ಲಿ. ಸುಮ್ನೆ ಟ್ಯೂನ್ ಮಾಡಿದರೆ ಬಾತುಕೋಳಿ ಕೂಗಿದ ಹಾಗೆ ಇರುತ್ತದೆ. ಮುಂದಿನ ಸ್ವಿಚ್ಚನ್ನು ಎವಿಸಿಯಿಂದ (ವಾಲ್ಯೂಮ್ ತಾನೇ ಹೊಂದಿಕೊಳ್ಳುವುದು) ಎಂವಿಸಿಗೆ (ಕೈಯಲ್ಲಿ ಹೊಂದಿಸುವುದು) ತಿರುಗಿಸಿ. ಎಸ್‌ಎಸ್‌ಬಿ ಬಿಡಿಸಲು ಬೇಕಾದ ಅಲೆ ಹುಟ್ಟಿಸುವ ಸಿಡಬ್ಲ್ಯು ಆಸಿಲೇಟರ್ ಆನ್ ಮಾಡಿ. ವಾಲ್ಯೂಮ್ ನಾಬನ್ನು ಸಾಕಷ್ಟು ಇಳಿಸಿ, ಜಾಸ್ತಿ ಇಟ್ಟರೆ ಮಾತು ಒಡೆಯುತ್ತದೆ. ಆಮೇಲೆ ಟ್ಯೂನಿಂಗ್ ನಾಬನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ. ಗೊಗ್ಗರು ಶಬ್ದ ತೆಳ್ಳಗಾಗಿ, ಒಂದು ಕಡೆ ತಟ್ಟನೆ ಮನುಷ್ಯನ ದನಿಯಾಗುತ್ತದೆ. ಆ ನಾಬಿನ ಗೇರು ಮುಟ್ಟಿದಾಗಲೇ ನಿಮಗೆ ಗೊತ್ತಾಗುತ್ತದೆ, ಈಗಿನ ಯಾವ ಸೆಟ್ಟಿನಲ್ಲೂ ಅಂಥ ನಯ ಇಲ್ಲ.

ಡಾಂಗಲ್ ದಾಸ ಅವರೇ, ನಿಮ್ಮ ಡಾಂಗಲ್ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಮೇಜಿನ ಮೇಲೂ ಒಂದು ಇದೆ. ತುಂಗಾತೀರದವರಿಗೆ ಅದನ್ನು ಒಂದು ದಿನ ಕೊಡಿ. ಬಂದ ಸಿಗ್ನಲನ್ನು ಸೆಟ್ಟು ತನ್ನ ಆಸಿಲೇಟರಿನ ಅಲೆಯ ಜೊತೆ ಬೆರೆಸಿ ಒಂದೇ ಫ್ರೀಕ್ವೆನ್ಸಿಗೆ ತರುತ್ತದೆ, ಅದೇ ಐಎಫ್; ಬಿಸಿ-348ರಲ್ಲಿ ಅದು 915 ಕಿಲೋಹರ್ಟ್ಸ್. ಡಯಲ್ಲನ್ನು 7.1ಕ್ಕೆ ಇಟ್ಟು, ಅಲ್ಲಿಂದ 915 ಕಿಲೋಹರ್ಟ್ಸ್ ಆಚೆ ಪರದೆಯಲ್ಲಿ ಒಂದು ಗೆರೆ ಕಂಡರೆ ಸೆಟ್ಟಿನ ಆಸಿಲೇಟರ್ ಜೀವಂತ ಅಂತ ಅರ್ಥ. ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಹಿಡಿಯುವ ಡಾಂಗಲ್ ಆಗಿರಬೇಕು ಅಷ್ಟೇ. ಬ್ಲೂಟೂತ್ ವಿಚಾರ ಮಾತ್ರ ನನ್ನ ಎದುರು ಎತ್ತಬೇಡಿ. ಖಾಲಿ ಮರದ ಪೆಟ್ಟಿಗೆ ಬೇಕಾದರೆ ಬಡಗಿ ಮಾಡಿಕೊಡುತ್ತಾನೆ.

ಮರ್ಫಿ ಪ್ರದರ್ಶನದ ಹೊತ್ತಿಗೆ ಆಗುವುದಿಲ್ಲ, ಅವಸರ ಮಾಡಬೇಡಿ. ಇಲಿ ಉಚ್ಚೆಯ ತುಕ್ಕನ್ನು ಧೂಳೇಳದ ಹಾಗೆ ಸ್ವಲ್ಪ ಸ್ಪಿರಿಟ್ ತಾಗಿಸಿದ ಬ್ರಷ್ಷಿನಲ್ಲಿ ತೆಗೆಯಿರಿ, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಕುಂಬಾರ ಹುಳದ ಗೂಡು ಐಎಫ್ ಕ್ಯಾನಿನ ಪಕ್ಕ ಇದ್ದರೆ ಎಬ್ಬಬೇಡಿ, ಕಾಯಿಲ್ ತಂತಿ ಕೂದಲಿಗಿಂತ ತೆಳ್ಳಗಿರುತ್ತದೆ. ನೆನೆಸಿ ಕರಗಿಸುವುದೂ ಬೇಡ. ಪೆಟ್ಟಿಗೆಯಲ್ಲಿ ಸಣ್ಣ ಬಲ್ಬ್ ಉರಿಸಿ ಕೆಲವು ದಿನ ಒಣಗಲು ಬಿಡಿ, ಮಣ್ಣು ತಾನೇ ಉದುರುತ್ತದೆ.

ಏರಿಯಲ್ ವಿಷಯ. ತಂತಿ ಒಂದೊಂದು ಕಡೆಗೆ ಸುಮಾರು 10 ಮೀಟರ್, ನಡುವಿನಿಂದ ಕೇಬಲ್. ಕಾಲೇಜಿನ ಮೈದಾನದಲ್ಲಿ ಎರಡು ಬಿದಿರು ಸಾಕು. ಕ್ಲಬ್ಬಿಗೆ ಖಾಯಂ ಬೇಕಾದರೆ ಅಡಿಕೆ ತೋಟ ಇರುವ ಮೆಂಬರ್ ಒಬ್ಬರನ್ನು ಹಿಡಿಯಿರಿ. ನಮ್ಮ ತೋಟದಲ್ಲಿ ಅಡಿಕೆ ಮರ ಹತ್ತುವ ಕೊನೆಗಾರನ ಕೈಯಲ್ಲೇ ಕಟ್ಟಿಸಿದ್ದು. ಗಾಳಿಗೆ ಮರ ತೂಗುತ್ತದೆ, ತಂತಿ ಬಿಗಿಯಾಗಿ ಕಟ್ಟಿದರೆ ಮೊದಲ ಗಾಳಿಗೇ ತುಂಡು. ಒಂದು ತುದಿಗೆ ರಾಟೆ ಹಾಕಿ ಕಲ್ಲು ನೇತುಬಿಡಿ. ಏಪ್ರಿಲ್, ಮೇ ಗುಡುಗಿನ ಕಾಲದಲ್ಲಿ ಕೇಬಲ್ ಬಿಚ್ಚಿ ಮನೆಯಿಂದ ಹೊರಗೇ ಹಾಕಿ. ಮೋಡ ಕಟ್ಟಿದ ಮೇಲೆ ಬಿಚ್ಚಲು ಓಡಬಾರದು.

ಮೋರ್ಸ್ ಕೀ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ. ಹ್ಯಾಮ್ ಲೈಸೆನ್ಸಿನ ಜನರಲ್ ಗ್ರೇಡ್ ಪರೀಕ್ಷೆಗೆ ನಿಮಿಷಕ್ಕೆ 8 ಪದದ ಮೋರ್ಸ್ ಬೇಕಲ್ಲ, ಅದರಲ್ಲೇ ಅಭ್ಯಾಸ ಮಾಡಿ. ಕ್ರಿಸ್ಟಲ್‌ಗಳ ಮೇಲಿನ ನಂಬರ್ ಎಲ್ಲ ಬರೆದು ಹಾಕಿ. ಆ ಕಾಲದ ಟ್ರಾನ್ಸ್‌ಮಿಟರ್ ಕ್ರಿಸ್ಟಲ್ ಇದ್ದ ಫ್ರೀಕ್ವೆನ್ಸಿಯಲ್ಲೇ ಮಾತಾಡುತ್ತಿತ್ತು. 7000ರಿಂದ 7200 ಕಿಲೋಹರ್ಟ್ಸ್ ಒಳಗಿನವು ಎಷ್ಟಿವೆ ನೋಡೋಣ, ಹೋಲ್ಡರ್ ನನ್ನ ಹತ್ತಿರ ಇವೆ.

ತುಂಗಾತೀರ, ಶಿವಮೊಗ್ಗ

ಒಂದು 7050, ಒಂದು 7025. ಮೂರನೆಯದರ ನಂಬರ್ ಅಳಿಸಿಹೋಗಿದೆ. ಟೀ ತರಲು ಹೋದವನು ವಾಪಸ್ ಬಂದಿದ್ದಾನೆ ಸಾರ್, ರಾಟೆಗೆ ಕಲ್ಲು ಅವನೇ ಹುಡುಕುತ್ತಾನಂತೆ.