ಹುಬ್ಬಳ್ಳಿಯಲ್ಲಿ ಸರ್ಕಾರಿ ಹೈಸ್ಕೂಲ್: ರಿಸಲ್ಟ್ ನೋಡಬೇಕಾ, ಸೌಲಭ್ಯ ನೋಡಬೇಕಾ?

ಹಳೇ ಹುಬ್ಬಳ್ಳಿ ತಾಯಿ:
ನಮಸ್ಕಾರ ರೀ. ಮಗಳು ಏಳನೇ ಕ್ಲಾಸ್ ಮುಗಿಸಿದಳು. ಎಂಟನೇ ಕ್ಲಾಸಿಗೆ ಸರ್ಕಾರಿ ಹೈಸ್ಕೂಲಿಗೇ ಹಚ್ಚಬೇಕು ಅಂತ ಇದ್ದೇವೆ. ಮನೆ ಹತ್ತಿರ ಎರಡಿವೆ, ಒಂದರದ್ದು ಎಸ್ಸೆಸ್ಸೆಲ್ಸಿ ರಿಸಲ್ಟ್ ಜಾಸ್ತಿ, ಇನ್ನೊಂದರಲ್ಲಿ ಲ್ಯಾಬ್, ಮೈದಾನ ಎಲ್ಲ ಚಲೋ ಇವೆ ಅಂತಾರೆ. ಯಾವುದನ್ನು ನಂಬೋದು?

ಧಾರವಾಡದ ಮಾಸ್ತರ್:
ಅಕ್ಕಾರೆ, ಬರೀ ಪರ್ಸೆಂಟ್ ನೋಡಬೇಡಿ. 20 ಮಕ್ಕಳಿರೋ ಶಾಲೆಯಲ್ಲಿ ಒಬ್ಬರು ಫೇಲಾದರೆ 5 ಪರ್ಸೆಂಟ್ ಇಳಿಯುತ್ತದೆ, 200 ಮಕ್ಕಳಿರೋ ಕಡೆ ಅರ್ಧ ಪರ್ಸೆಂಟ್ ಅಷ್ಟೇ. ಮೂರು ವರ್ಷದ ರಿಸಲ್ಟ್ ಕೇಳಿ, ಎಷ್ಟು ಮಕ್ಕಳು ಪರೀಕ್ಷೆಗೆ ಕೂತಿದ್ದರು ಅಂತಲೂ ಕೇಳಿ. ಅದಕ್ಕಿಂತ ಮುಖ್ಯ, ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರು ಇದ್ದಾರಾ ಅಥವಾ ಅತಿಥಿ ಶಿಕ್ಷಕರಾ? ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿಯಲ್ಲಿ ಈ ಮೂರಕ್ಕೇ 300 ಅಂಕ.

ನವನಗರ ಪಾಲಕ:
ದೇಶದ ಶಾಲೆಗಳ ಮಾಹಿತಿ ಇರೋ ಸರ್ಕಾರದ ಯುಡೈಸ್ ವೆಬ್‌ಸೈಟಿನಲ್ಲಿ ಶಾಲೆಯ 11 ಅಂಕಿಯ ಕೋಡ್ ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಲೈಬ್ರರಿ ಇದೆಯಾ ಎಲ್ಲ ಕಾಣುತ್ತದೆ. ಆದರೆ ಅದು ಶಾಲೆಯವರೇ ತುಂಬಿದ ಮಾಹಿತಿ. ನನ್ನ ಮಗನ ಶಾಲೆಯಲ್ಲಿ ಲ್ಯಾಬ್ ಇದೆ ಅಂತ ಬರೆದಿತ್ತು, ವರ್ಷವಿಡೀ ಅದಕ್ಕೆ ಬೀಗ! ಈಗಲೂ ಸಿಟ್ಟು ಬರುತ್ತದೆ. ಹಾಗಾಗಿ ಶಾಲೆ ನಡೆಯೋ ಹೊತ್ತಲ್ಲೇ ಹೋಗಿ ನೋಡಿ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಇದೆಯಾ ನೋಡಿ, ನಮ್ಮೂರಲ್ಲಿ ಎಷ್ಟೋ ಓಣಿಗಳಿಗೆ ದಿನಾ ನಳ ಬರೋದಿಲ್ಲ ಅಲ್ವಾ.

ಹಳೇ ಹುಬ್ಬಳ್ಳಿ ತಾಯಿ:
ನೀರಿನ ವಿಷಯ ತಲೆಗೇ ಬಂದಿರಲಿಲ್ಲ ರೀ. ಸೋಮವಾರ ಮಗಳನ್ನೂ ಕರೆದುಕೊಂಡು ಎರಡೂ ಕಡೆ ಹೋಗಿ ಬರುತ್ತೇನೆ.